ಡಿಜಿಟಲ್ ಸಹಿ ಮಾಡಿಸುವ ಮುಂಚೆ ಲೈಸೆನ್ಸ್ ನೋಡಿ

ಹಾಸನದಲ್ಲಿ ಟೆಂಡರ್ ಹಾಕುವವರು, ಸಣ್ಣ ಕಂಪನಿ ನಡೆಸುವವರು ಗ್ರೂಪಿನಲ್ಲಿ ಸುಮಾರು ಜನ ಇದ್ದೀರಿ, ಅದಕ್ಕೇ ಈ ಮಾತು. ಬಿ.ಎಂ. ರಸ್ತೆಯ ಯಾವುದೋ ಅಂಗಡಿಯಲ್ಲಿ 'ಅರ್ಧ ಗಂಟೇಲಿ ಡಿಎಸ್‌ಸಿ (ಡಿಜಿಟಲ್ ಸಹಿಯ ಪ್ರಮಾಣಪತ್ರ) ಕೊಡ್ತೀವಿ' ಅಂದರೆ ಮೊದಲು ರೇಟು ಕೇಳಬೇಡಿ. ಯಾವ ಸರ್ಟಿಫೈಯಿಂಗ್ ಅಥಾರಿಟಿಯದು, ಅಂದರೆ ಅದನ್ನು ಕೊಡಲು ಲೈಸೆನ್ಸ್ ಇರುವ ಯಾವ ಸಂಸ್ಥೆಯದು ಅಂತ ಕೇಳಿ. ಅಂಗಡಿಯವರು ಬರೀ ಏಜೆಂಟರು. ಆ ಸಂಸ್ಥೆಗಳಿಗೆ ಲೈಸೆನ್ಸ್ ಕೊಡುವುದು 2000ದ ಐಟಿ (ಮಾಹಿತಿ ತಂತ್ರಜ್ಞಾನ) ಕಾಯ್ದೆಯಡಿ ಇರುವ ಕೇಂದ್ರದ ಸಿಸಿಎ (ಸರ್ಟಿಫೈಯಿಂಗ್ ಅಥಾರಿಟಿಗಳ ನಿಯಂತ್ರಕರ) ಕಚೇರಿ. ಇ-ಮುದ್ರ, ಕ್ಯಾಪ್ರಿಕಾರ್ನ್ ಥರದ ಲೈಸೆನ್ಸ್ ಇರುವವರ ಪಟ್ಟಿ ಸಿಸಿಎ ವೆಬ್‌ಸೈಟಿನಲ್ಲೇ ಸಿಗುತ್ತದೆ.

'ಕ್ಲಾಸ್ 2 ಸಾಕು, ಕಡಿಮೆಗೆ ಆಗುತ್ತೆ' ಅಂದರೆ ಎದ್ದು ಬನ್ನಿ. 2021ರ ಜನವರಿಯಿಂದ ಆ ದರ್ಜೆಯ ಡಿಎಸ್‌ಸಿ ಕೊಡುವುದೇ ನಿಂತಿದೆ, ಈಗ ಕ್ಲಾಸ್ 3 ಮಾತ್ರ. ಗುರುತು ಖಚಿತಪಡಿಸಲು ತೆಗೆಯುವ ವಿಡಿಯೋದಲ್ಲಿ ನಿಮ್ಮ ಮುಖವೇ ಇರಬೇಕು, ಓಟಿಪಿ ನಿಮ್ಮ ಫೋನಿಗೇ ಬರಬೇಕು.

ಟೋಕನ್ (ಡಿಎಸ್‌ಸಿ ಇಟ್ಟಿರುವ, ಪೆನ್‌ಡ್ರೈವ್ ಥರದ ಸಾಧನ) ಕೈಗೆ ಬಂದ ಕೂಡಲೇ ಪಿನ್ ಬದಲಾಯಿಸಿ. ಕೆಲವು ಆಡಿಟರ್ ಆಫೀಸುಗಳ ಡ್ರಾಯರ್ ನೋಡಿದ್ದೀರಾ? ಹತ್ತಾರು ಟೋಕನ್, ಒಂದೊಂದಕ್ಕೂ ರಬ್ಬರ್ ಬ್ಯಾಂಡ್ ಹಾಕಿದ ಚೀಟಿ, ಚೀಟಿ ಮೇಲೆ ಹೆಸರು ಮತ್ತು ಪಿನ್! ಅದು ಯಾರ ಕೈಗೆ ಸಿಕ್ಕರೂ ನಿಮ್ಮ ಸಹಿ ಹಾಕಬಹುದು, ಅಲ್ವಾ? ನಂಬಿಕೆ ಇರಲಿ, ಟೋಕನ್ ಮಾತ್ರ ನಿಮ್ಮ ಹತ್ತಿರವೇ ಇರಲಿ.

ಅಪರೂಪಕ್ಕೊಂದು ಕಾಗದಕ್ಕೆ ಸಹಿ ಬೇಕಿದ್ದರೆ ಸುಮ್ನೆ ಟೋಕನ್‌ಗೆ ದುಡ್ಡು ಸುರಿಯಬೇಡಿ. ಎಷ್ಟೋ ಕಡೆ ಆಧಾರ್ ಇ-ಸೈನ್ (ಆಧಾರ್ ಓಟಿಪಿ ಮೂಲಕ ಹಾಕುವ ಸಹಿ) ನಡೆಯುತ್ತದೆ, ಮೊಬೈಲ್ ನಂಬರ್ ಆಧಾರ್‌ಗೆ ಜೋಡಣೆ ಆಗಿದ್ದರಾಯಿತು. ಉಯಿಲಿಗೆ ಮಾತ್ರ ಇದ್ಯಾವುದೂ ನಡೆಯಲ್ಲ, ಪೆನ್ನೇ ಹಿಡಿಯಬೇಕು.