ರಾಯಭಾರಿ ಕೇಳದ ಪ್ರಶ್ನೆಗಳು

ಪ್ರೇಮಕವಿತೆ ಎಂದೊಡನೆ ಕವಿಯೇ ಎದೆ ಬಿಚ್ಚಿ ಮಾತಾಡುತ್ತಿದ್ದಾನೆ ಎಂದು ನನ್ನ ಪದವಿ ತರಗತಿಯ ವಿದ್ಯಾರ್ಥಿಗಳು ನಂಬಿಬಿಡುತ್ತಾರೆ. ಆದ್ದರಿಂದ ಹತ್ತೊಂಬತ್ತನೆಯ ಶತಮಾನದ ಇಂಗ್ಲಿಷ್ ಕವಿ ರಾಬರ್ಟ್ ಬ್ರೌನಿಂಗ್‌ನ ನಾಟಕೀಯ ಸ್ವಗತಗಳಿಗೆ ಬಂದಾಗ ಕವಿಯ ಜೀವನಚರಿತ್ರೆಯನ್ನು ಪಕ್ಕಕ್ಕಿಡುತ್ತೇನೆ. ಇಲ್ಲಿ ಮಾತಾಡುವವನು ಒಂದು ಪಾತ್ರ. ಅವನನ್ನು ಕಟಕಟೆಯಲ್ಲಿ ನಿಲ್ಲಿಸಿ ಪಾಟೀಸವಾಲು ಮಾಡಬೇಕು. ನಾನು ಕೊಡುವ ಸೂಚನೆ ಒಂದೇ: ಯಾರೂ ಕೇಳದ ಪ್ರಶ್ನೆಗೆ ಇವನು ಉತ್ತರ ಕೊಡುವ ಕಡೆಯಲ್ಲೆಲ್ಲ ಪೆನ್ಸಿಲಿನಿಂದ ಗೆರೆ ಎಳೆಯಿರಿ.

1842ರಲ್ಲಿ ಪ್ರಕಟವಾದ ‘ಮೈ ಲಾಸ್ಟ್ ಡಚೆಸ್’ ಇದಕ್ಕೆ ಹೇಳಿ ಮಾಡಿಸಿದ ಕವಿತೆ. ಹೊಸ ಸಂಬಂಧದ ಮಾತುಕತೆಗೆ ಬಂದ ರಾಯಭಾರಿಗೆ ಇಟಲಿಯ ಫೆರಾರಾದ ದೊರೆ ಡ್ಯೂಕ್ ಪರದೆ ಸರಿಸಿ ಮೊದಲಿನ ಹೆಂಡತಿಯ ಚಿತ್ರ ತೋರಿಸುತ್ತಾನೆ. 56 ಸಾಲುಗಳುದ್ದಕ್ಕೂ ರಾಯಭಾರಿಯ ದನಿ ನಮಗೆ ಕೇಳಿಸುವುದಿಲ್ಲ. ಆದರೂ ಡ್ಯೂಕ್, ಆ ನೋಟ ಅವಳ ಮುಖಕ್ಕೆ ಹೇಗೆ ಬಂತೆಂದು ಕೇಳಬಯಸಿದವರಲ್ಲಿ ನೀವು ಮೊದಲಿಗರೇನಲ್ಲ ಎಂದು ತಾನೇ ಮಾತು ತೆಗೆಯುತ್ತಾನೆ. ಅವಳ ಕೆನ್ನೆ ಅರಳುತ್ತಿದ್ದುದು ಗಂಡ ಎದುರಿಗಿದ್ದಾಗ ಮಾತ್ರವಲ್ಲ ಎಂದೂ ಸೇರಿಸುತ್ತಾನೆ. ಇಲ್ಲಿ ಮೊದಲ ಗೆರೆ.

ಆಮೇಲೆ ದೂರಿನ ಪಟ್ಟಿ. ಸೂರ್ಯಾಸ್ತ, ಯಾರೋ ತೋಟದಿಂದ ಮುರಿದು ತಂದ ಚೆರ್ರಿ ಕೊಂಬೆ, ಅವಳು ಸವಾರಿ ಮಾಡುತ್ತಿದ್ದ ಬಿಳಿ ಹೇಸರಗತ್ತೆ, ಎಲ್ಲಕ್ಕೂ ಅವಳು ಹಿಗ್ಗುತ್ತಿದ್ದಳಂತೆ. ತಾನು ಕೊಟ್ಟ 900 ವರ್ಷದ ಮನೆತನದ ಹೆಸರಿಗೂ ಅಷ್ಟೇ ಬೆಲೆಯಂತೆ! ಒಂದೊಂದು ದೂರಿಗೂ ಅವಳು ನಮಗೆ ಹತ್ತಿರವಾಗುತ್ತಾಳೆ, ಇವನು ಕುಗ್ಗುತ್ತಾನೆ. ತನಗೆ ಮಾತಿನ ಚಾತುರ್ಯವಿಲ್ಲ ಎಂದು ಬೇರೆ ಹೇಳಿಕೊಳ್ಳುತ್ತಾನೆ. ಆಡುತ್ತಿರುವುದು ಮಾತ್ರ ಪ್ರಾಸಬದ್ಧ ದ್ವಿಪದಿಗಳಲ್ಲಿ. ಸಾಲಿನ ಕೊನೆಯಲ್ಲಿ ನಿಲ್ಲದೆ ವಾಕ್ಯ ಮುಗಿಯುವವರೆಗೆ ಗಟ್ಟಿಯಾಗಿ ಓದಿಸಿದರೆ ಆ ಪ್ರಾಸ ಕಿವಿಗೆ ಬೀಳುವುದೇ ಇಲ್ಲ, ನಯವಾದ ಲೋಕಾಭಿರಾಮವೆನಿಸುತ್ತದೆ. ತಾನು ಆಜ್ಞೆ ಕೊಟ್ಟೆ, ನಗುವೆಲ್ಲ ಒಮ್ಮೆಗೇ ನಿಂತಿತು ಎನ್ನುವಲ್ಲಿ ಮಾತ್ರ ಮಾತು ತುಂಡುತುಂಡಾಗುತ್ತದೆ. ತೂಕಡಿಸುತ್ತಿದ್ದವರೂ ಅಲ್ಲಿ ತಲೆ ಎತ್ತುತ್ತಾರೆ. ಡ್ಯೂಕ್ ಆಗಲೇ ವರದಕ್ಷಿಣೆಯ ಮಾತಿಗೆ ಬಂದಿರುತ್ತಾನೆ.

ಹೆಂಡತಿಯನ್ನು ಕೊಲ್ಲಿಸಿದ್ದನ್ನು ಇವನು ಬಾಯಿತಪ್ಪಿ ಹೇಳಿದನೇ, ಬೇಕೆಂದೇ ಹೇಳಿದನೇ ಎಂದು ಪ್ರತಿ ವರ್ಷವೂ ಜಗಳ. ನಾನು ಎರಡನೆಯ ಪಕ್ಷ. ಹೆಂಡತಿಗೆ ತಿಳಿಹೇಳುವುದು ಕೂಡ ತಗ್ಗಿದಂತೆ ಎಂದುಕೊಂಡವನು, ಬರಲಿರುವವಳಿಗೆ ಕೊಡಬೇಕಾದ ಎಚ್ಚರಿಕೆಯನ್ನು ರಾಯಭಾರಿಯ ಕೈಯಲ್ಲಿ ಕಳಿಸುತ್ತಿದ್ದಾನೆ. ಅವನಿಗೆ ತಿಳಿಯದೆ ಹೊರಬಿದ್ದದ್ದು ಕೊಲೆಯಲ್ಲ, ಸಣ್ಣತನ.

ಬ್ರೌನಿಂಗ್‌ನದೇ ಇನ್ನೊಂದು ಸ್ವಗತ ‘ಪಾರ್ಫಿರಿಯಾಸ್ ಲವರ್’ ಅದಕ್ಕಿಂತ ಹಳೆಯದು, 1836ರದು; ಮಾತಾಡುವವನು ಪಾರ್ಫಿರಿಯಾಳ ಪ್ರಿಯಕರ. ಅಲ್ಲಿ ಕೇಳುಗನೇ ಕಾಣಿಸುವುದಿಲ್ಲ. ಹಾಗಾಗಿ ಕ್ರಿಯಾಪದಗಳ ಕರ್ತೃ ಯಾರೆಂದು ಗುರುತಿಸಲು ಹೇಳುತ್ತೇನೆ. ಬಿರುಗಾಳಿಯಲ್ಲಿ ಬಂದವಳು ಪಾರ್ಫಿರಿಯಾ, ಬೆಂಕಿ ಹೊತ್ತಿಸಿದವಳು, ಒದ್ದೆ ಮೇಲಂಗಿ ತೆಗೆದಿಟ್ಟವಳು, ಕರೆದವಳು, ಅವನ ತೋಳನ್ನು ತನ್ನ ಸೊಂಟಕ್ಕೆ ಸುತ್ತಿಕೊಂಡವಳು. ಅವನು ಸುಮ್ಮನೆ ಕೂತಿರುತ್ತಾನೆ. ಅವಳು ಪೂರ್ತಿ ತನ್ನವಳೆನಿಸಿದ ಕ್ಷಣದಲ್ಲಿ ‘ನಾನು’ ಎದ್ದು ಕೆಲಸಕ್ಕಿಳಿಯುತ್ತದೆ: ಅವಳದೇ ಕೂದಲು, ಕೊರಳಿಗೆ ಮೂರು ಸುತ್ತು. ಬೆನ್ನಿಗೇ, ಅವಳಿಗೆ ನೋವಾಗಲಿಲ್ಲ, ಖಂಡಿತ ಆಗಲಿಲ್ಲ ಎಂದು ಎರಡೆರಡು ಸಲ ಹೇಳುತ್ತಾನೆ. ಕೇಳಿದವರು ಯಾರು? ಗೆರೆ ಎಳೆಯಲು ಅಲ್ಲಿ ನಾನು ಹೇಳಿಕೊಡಬೇಕಾಗುವುದಿಲ್ಲ.

ಕೊನೆಗೆ ಒಂದು ಬರವಣಿಗೆ ಕೊಡುತ್ತೇನೆ: ರಾಯಭಾರಿ ತನ್ನ ಒಡೆಯನಿಗೆ, ಅಂದರೆ ಹೊಸ ವಧುವಿನ ತಂದೆಯಾದ ಕೌಂಟ್‌ಗೆ, ಕಳಿಸುವ ವರದಿ. ಹೆಚ್ಚಿನವರು ಡ್ಯೂಕ್‌ನನ್ನು ಕೊಲೆಗಾರನೆಂದು ಜರೆದು ಮದುವೆ ಬೇಡವೆನ್ನುತ್ತಾರೆ. ಒಬ್ಬಿಬ್ಬರು ವರದಕ್ಷಿಣೆಯ ಲೆಕ್ಕ ಬರೆದು, ಅರಮನೆಯ ಚಿತ್ರಗಳನ್ನು ಹೊಗಳಿ, ಸತ್ತವಳ ಸುದ್ದಿಯನ್ನೇ ಎತ್ತುವುದಿಲ್ಲ. ಹೆಚ್ಚು ಅಂಕ ಅವರಿಗೆ.