ನರ್ಸ್ ಪ್ರಾಕ್ಟೀಷನರ್ ಆಗಬೇಕೆ? ಮೊದಲು ಮನೆಯ ಗಡಿಯಾರ ನೋಡಿ

ಬಿ.ಎಸ್ಸಿ. ನರ್ಸಿಂಗ್ ಮುಗಿಸಿ ಎರಡು ಮೂರು ವರ್ಷ ವಾರ್ಡಿನಲ್ಲಿ ದುಡಿದ ಹುಡುಗಿಯರು ನನ್ನನ್ನು ಕೇಳುವುದು ಒಂದೇ ಮಾತು. "ಮೇಡಂ, ಮುಂದೆ ಏನು ಓದಲಿ? ಯಾವುದಕ್ಕೆ ಸ್ಕೋಪ್ ಜಾಸ್ತಿ?" ಮಂಡ್ಯ, ಮೈಸೂರಿನ ಆಸ್ಪತ್ರೆಗಳಲ್ಲಿ ಇಪ್ಪತ್ತೆರಡು ವರ್ಷ ಕಳೆದವಳು ನಾನು. ತಿರುಗಿ ಅವರನ್ನೇ ಕೇಳುತ್ತೇನೆ: "ಯಾವ ತರಹದ ದಣಿವನ್ನು ನೀನು ತಡೆದುಕೊಳ್ಳಬಲ್ಲೆ?" ಕಾಲು ಸೋತ ದಣಿವು ಬೇರೆ, ತಲೆ ಸೋತ ದಣಿವು ಬೇರೆ, ಮನಸ್ಸು ಸೋತದ್ದು ಇನ್ನೂ ಬೇರೆ. ಮನೆಗೆ ಹೋಗಿ ಮಗುವಿನ ಹೋಂವರ್ಕ್ ಮುಂದೆ ಕೂರುವುದು ಅದೇ ದಣಿವಿನ ಜೊತೆ ಅಲ್ವಾ?

ನರ್ಸ್ ಪ್ರಾಕ್ಟೀಷನರ್ ಎಂದರೆ ಹೆಚ್ಚಿನ ತರಬೇತಿ ಪಡೆದು, ರೋಗಿಯನ್ನು ತಾನೇ ಪರೀಕ್ಷಿಸಿ, ಒಂದಿಷ್ಟು ತೀರ್ಮಾನಗಳನ್ನೂ ತೆಗೆದುಕೊಳ್ಳುವ ನರ್ಸ್. ಈ ಪದ್ಧತಿ ಶುರುವಾದದ್ದು 1965ರಲ್ಲಿ, ಅಮೆರಿಕದ ಕೊಲರಾಡೋದಲ್ಲಿ. ಅಲ್ಲಿ ಕುಟುಂಬ, ಮಕ್ಕಳು, ವೃದ್ಧರು, ಮಾನಸಿಕ ಆರೋಗ್ಯ, ನವಜಾತ ಶಿಶು ಎಂದು ಹಲವು ವಿಭಾಗಗಳಿವೆ. ನಮ್ಮಲ್ಲಿ ಮುಖ್ಯವಾಗಿ ಕೇಳಿಬರುವುದು ಎರಡು. ಒಂದು, ತೀವ್ರ ನಿಗಾ ಘಟಕದ, ಅಂದರೆ ಐಸಿಯುವಿನ ನರ್ಸ್ ಪ್ರಾಕ್ಟೀಷನರ್, ಎರಡು ವರ್ಷದ ಎಂ.ಎಸ್ಸಿ. ಇನ್ನೊಂದು ಮಿಡ್‌ವೈಫರಿ, ಅಂದರೆ ಹೆರಿಗೆ ವಿಭಾಗ. ಕೇಂದ್ರ ಸರ್ಕಾರ 2018ರಲ್ಲಿ ಮಾರ್ಗಸೂಚಿ ತಂದು ಇದಕ್ಕೆ 18 ತಿಂಗಳ ತರಬೇತಿ ರೂಪಿಸಿತು. ಇವೆರಡೂ ಬೇಡವೆಂದರೆ ಮಾಮೂಲಿ ಎಂ.ಎಸ್ಸಿ. ನರ್ಸಿಂಗ್‌ನ ಐದು ವಿಭಾಗಗಳು ಇದ್ದೇ ಇವೆ.

ಮೊದಲ ಹೆಜ್ಜೆ: ಒಂದು ವಾರದ ಲೆಕ್ಕ ಬರೆಯಿರಿ

ಪ್ರಾಸ್ಪೆಕ್ಟಸ್ ಆಮೇಲೆ ನೋಡೋಣ. ಮೊದಲು ಒಂದು ಹಳೆಯ ನೋಟ್‌ಬುಕ್ಕಿನಲ್ಲಿ ಏಳು ದಿನದ ಮನೆಯ ಗಡಿಯಾರ ಬರೆಯಿರಿ. ಮಗುವಿನ ಸ್ಕೂಲ್ ವ್ಯಾನ್ ಎಷ್ಟಕ್ಕೆ, ಮಾವನವರ ಇನ್ಸುಲಿನ್ ಎಷ್ಟಕ್ಕೆ, ಗಂಡನ ಶಿಫ್ಟ್ ಯಾವುದು, ನಿಮ್ಮೂರಿಗೆ ಕೊನೆಯ ಬಸ್ ಯಾವುದು. ಪಕ್ಕದಲ್ಲೇ ನಿಮ್ಮ ಡ್ಯೂಟಿ ಲಿಸ್ಟ್ ಇಡಿ.

ಪಾಂಡವಪುರದಿಂದ ಮೈಸೂರಿಗೆ ಓಡಾಡುವ ಒಬ್ಬ ಹುಡುಗಿ ಹೀಗೆ ಬರೆದುಕೊಂಡು ಬಂದಳು. ತನಗೆ ಕಷ್ಟವಾಗುತ್ತಿರುವುದು ನೈಟ್ ಡ್ಯೂಟಿ ಎಂದೇ ಅವಳು ನಂಬಿದ್ದಳು. ಲೆಕ್ಕ ಬೇರೆಯೇ ಹೇಳಿತು. ಮಧ್ಯಾಹ್ನ ಎರಡರಿಂದ ಎಂಟರ ಡ್ಯೂಟಿಗೆ ಅವಳು ಹನ್ನೆರಡಕ್ಕೇ ಮನೆ ಬಿಡುತ್ತಾಳೆ, ಆಗ ಮಗ ಸ್ಕೂಲಿನಲ್ಲಿ. ಮುಂದಿನ ಪಾಳಿಯವರಿಗೆ ರೋಗಿಗಳನ್ನು ಒಪ್ಪಿಸುವ ಹ್ಯಾಂಡೋವರ್ ಮುಗಿಸಿ, ಸಬರ್ಬ್ ಬಸ್ ಸ್ಟ್ಯಾಂಡಿಗೆ ಬಂದು, ಬಸ್ ಹಿಡಿದು ಮನೆ ಸೇರುವಾಗ ಹತ್ತು. ಮಗ ಮಲಗಿರುತ್ತಾನೆ. ಬೆಳಿಗ್ಗೆ ವ್ಯಾನ್ ಹತ್ತಿಸುವ ಗಡಿಬಿಡಿ ಬಿಟ್ಟರೆ ವಾರವಿಡೀ ಮಗುವಿನ ಜೊತೆ ಕೂತು ಮಾತಾಡಿದ್ದೇ ಇಲ್ಲ. ನೈಟ್ ಡ್ಯೂಟಿಯಲ್ಲಾದರೂ ಸಂಜೆ ಸಿಗುತ್ತಿತ್ತು. ನೋಟ್‌ಬುಕ್ಕನ್ನು ನನ್ನ ಮುಂದೆ ಇಟ್ಟು ಸುಮ್ನೆ ಕೂತಳು. ಆ ಪುಟ ನನಗಿನ್ನೂ ಕಣ್ಣಿಗೆ ಕಟ್ಟಿದೆ.

ಎರಡನೆಯದು: ದಣಿವನ್ನು ಹತ್ತಿರದಿಂದ ನೋಡಿ

ಐಸಿಯು ಕೆಲಸದಲ್ಲಿ ಕಣ್ಣು ಮಾನಿಟರ್ ಬಿಟ್ಟು ಕದಲುವಂತಿಲ್ಲ. ಬಿಪಿ ಇಳಿದರೆ ರಕ್ತನಾಳಕ್ಕೆ ಔಷಧಿ ಹರಿಸುವ ಇನ್‌ಫ್ಯೂಷನ್ ಪಂಪ್ ನೋಡಬೇಕು, ವೆಂಟಿಲೇಟರ್ ಕೂಗಿದರೆ ಟ್ಯೂಬ್ ಕಟ್ಟಿಕೊಂಡಿದೆಯಾ ಎಂದು ತಕ್ಷಣ ತಿಳಿಯಬೇಕು. ಇಲ್ಲಿ ಸೋಲುವುದು ತಲೆ. ಆದರೆ ಒಂದು ಅನುಕೂಲವಿದೆ. ಹ್ಯಾಂಡೋವರ್ ಚೆನ್ನಾಗಿ ಕೊಟ್ಟರೆ ಕೆಲಸ ಆಸ್ಪತ್ರೆಯಲ್ಲೇ ಉಳಿಯುತ್ತದೆ. ಸಾವು ನೋಡಿ ಬಂದ ದಿನ ಮಾತ್ರ ಹಾಗಲ್ಲ.

ಲೇಬರ್ ವಾರ್ಡಿನ ಲೋಕವೇ ಬೇರೆ. ಹೊಟ್ಟೆಯ ಮೇಲೆ ಅಂಗೈ ಇಟ್ಟು, ಗೋಡೆಯ ಗಡಿಯಾರ ನೋಡುತ್ತಾ ಹತ್ತು ನಿಮಿಷದಲ್ಲಿ ಎಷ್ಟು ಸಲ ನೋವು ಬಂತು ಎಂದು ಎಣಿಸಬೇಕು. ಹೊಟ್ಟೆ ಗಟ್ಟಿಯಾಗುವುದು ಕೈಗೇ ತಿಳಿಯುತ್ತದೆ. ಆಮೇಲೆ ಮಗುವಿನ ಎದೆಬಡಿತ, ನಿಮಿಷಕ್ಕೆ 110ರಿಂದ 160ರ ಒಳಗಿದೆಯೇ ಎಂದು ನೋಡಬೇಕು. ಅಷ್ಟರಲ್ಲಿ ಆ ತಾಯಿ ನಿಮ್ಮ ಇನ್ನೊಂದು ಕೈಯನ್ನು ಹಿಡಿದುಕೊಂಡು ಬಿಡುವುದಿಲ್ಲ. ಗಂಟೆಗಟ್ಟಲೆ ನಿಂತು ಸೊಂಟ ಹಿಡಿಯುತ್ತದೆ, ಮಗು ಅತ್ತ ಕೂಡಲೇ ಅರ್ಧ ನೋವು ಮರೆಯುತ್ತದೆ. ಆದರೆ ಹೆರಿಗೆಗೆ ಹೊತ್ತುಗೊತ್ತಿಲ್ಲ. ನಿಮ್ಮ ಶಿಫ್ಟ್ ಮುಗಿಯಿತೆಂದು ಅರ್ಧಕ್ಕೆ ಬಿಟ್ಟು ಬರಲು ಮನಸ್ಸೂ ಒಪ್ಪುವುದಿಲ್ಲ. ಈ ತರಬೇತಿಗೆ ಹೆರಿಗೆ ಮಾಡಿಸಿದ ಅನುಭವವನ್ನೂ ಕೇಳುತ್ತಾರೆ, ಮರೆಯಬೇಡಿ.

ಮಾನಸಿಕ ಆರೋಗ್ಯದಲ್ಲಿ ಓಡಾಟ ಕಡಿಮೆ, ಕೇಳಿಸಿಕೊಳ್ಳುವುದು ಜಾಸ್ತಿ. ಕೇಳಿದ ಮಾತು ಮನೆಯವರೆಗೂ ಬರುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ಓದುವ ಅವಕಾಶವಿದೆ, ಅಷ್ಟು ದಿನ ಮನೆ ಬಿಟ್ಟಿರಲು ಆಗುತ್ತದೆಯೇ ನೋಡಿಕೊಳ್ಳಿ.

ರಾತ್ರಿ ಪಾಳಿ ಬೇಡವೇ ಬೇಡ ಎನ್ನುವವರು ಸಮುದಾಯ ಆರೋಗ್ಯ ಅಧಿಕಾರಿ ಕೆಲಸವನ್ನು ವಿಚಾರಿಸಿ. ಹಳ್ಳಿಯ ಆಯುಷ್ಮಾನ್ ಆರೋಗ್ಯ ಮಂದಿರದಲ್ಲಿ, ಅಂದರೆ ಸರ್ಕಾರದ ಚಿಕ್ಕ ಆರೋಗ್ಯ ಕೇಂದ್ರದಲ್ಲಿ, ಬಿಪಿ, ಶುಗರ್ ನೋಡುವುದು, ಮಾತ್ರೆ ಕೊಡುವುದು, ಬಸುರಿ ಬಾಣಂತಿಯರನ್ನು ವಿಚಾರಿಸಿಕೊಳ್ಳುವುದು. ಹೆಚ್ಚೂಕಡಿಮೆ ಹಗಲಿನ ಕೆಲಸ. ಆದರೆ ಇದು ಗುತ್ತಿಗೆ ನೌಕರಿ, ಹಾಕಿದ ಊರಿಗೆ ಹೋಗಬೇಕು.

ಮೂರನೆಯದು: ಹದಿನೈದು ರಾತ್ರಿ ಕಳೆಯಿರಿ

ಮನಸ್ಸಿಗೆ ಬಂದ ವಿಭಾಗಕ್ಕೆ ಪೋಸ್ಟಿಂಗ್ ಹಾಕಿಕೊಡಿ ಎಂದು ನರ್ಸಿಂಗ್ ಸೂಪರಿಂಟೆಂಡೆಂಟ್ ಅವರನ್ನು ಕೇಳಿ. ಹೇಗೂ ಎಂ.ಎಸ್ಸಿ.ಗೆ ಸೇರಲು ಒಂದು ವರ್ಷದ ಅನುಭವ ಬೇಕು, ಆ ವರ್ಷವನ್ನು ಹೀಗೆ ಬಳಸಿಕೊಳ್ಳಿ. ಹಗಲಿನಲ್ಲಿ ಡಾಕ್ಟರು, ಸೀನಿಯರ್‌ಗಳು ಎಲ್ಲರೂ ಇರುತ್ತಾರೆ. ಬೆಳಗಿನ ಜಾವ ಮೂರಕ್ಕೆ ಆ ವಾರ್ಡಿನಲ್ಲಿ ನಿಂತು ನೋಡಿದರೇ ಅದು ನಿಮ್ಮದೋ ಅಲ್ಲವೋ ತಿಳಿಯುವುದು.

ನಾಲ್ಕನೆಯದು: ಮನೆಯಲ್ಲಿ ಬಿಡಿಸಿ ಹೇಳಿ

ನರ್ಸ್ ಪ್ರಾಕ್ಟೀಷನರ್ ಎಂ.ಎಸ್ಸಿ. ರೆಸಿಡೆನ್ಸಿ ಮಾದರಿಯದು. ಓದಿನ ಬಹುಪಾಲು ಐಸಿಯುನಲ್ಲೇ ನಡೆಯುತ್ತದೆ, ನೈಟ್ ಡ್ಯೂಟಿಯೂ ಸೇರಿ. "ಕಾಲೇಜಿಗೆ ಹೋಗಿ ಬರ್ತಾಳೆ" ಎಂದು ಮನೆಯವರು ತಿಳಿದುಕೊಂಡಿದ್ದರೆ ಮೊದಲ ತಿಂಗಳೇ ಜಗಳ. ಅತ್ತೆ, ಗಂಡ, ಅಮ್ಮ ಎಲ್ಲರನ್ನೂ ಕೂರಿಸಿ, ಯಾವ ರಾತ್ರಿ ಮಗು ಯಾರ ಪಕ್ಕ ಮಲಗುತ್ತದೆ ಎಂಬವರೆಗೂ ಮಾತಾಡಿ. ಗಂಡ ಅಡುಗೆಮನೆಗೆ ಬರುವ ಮಾತೂ ಅಲ್ಲೇ ಆಗಲಿ. ಇದನ್ನು ಕೇಳಲು ನಾಚಿಕೆಪಡುವ ಹುಡುಗಿಯರನ್ನು ಕಂಡರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಕಾಗದಪತ್ರ

ಕೋರ್ಸಿಗೆ ಭಾರತೀಯ ನರ್ಸಿಂಗ್ ಪರಿಷತ್ತಿನ ಮಾನ್ಯತೆ ಇದೆಯೇ, ಕರ್ನಾಟಕದ ಕಾಲೇಜಾದರೆ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೋ ಮಾನ್ಯತೆ ಪಡೆದ ಬೇರೆ ವಿಶ್ವವಿದ್ಯಾಲಯಕ್ಕೋ ಸೇರಿದೆಯೇ ನೋಡಿ. ಓದಿದ ಮೇಲೆ ಆ ಹೆಸರಿನ ಹುದ್ದೆ ಎಲ್ಲಿದೆ ಎಂದೂ ಕೇಳಿ. ಪದವಿ ಪಡೆದ ಮೇಲೂ ಸ್ಟಾಫ್ ನರ್ಸ್ ಸಂಬಳದಲ್ಲೇ ಇರುವವರನ್ನು ನಾನು ಬಲ್ಲೆ. ಒರಿಜಿನಲ್ ಮಾರ್ಕ್ಸ್ ಕಾರ್ಡ್ ಎಲ್ಲೂ ಒತ್ತೆ ಇಡಬೇಡಿ. ಹಿಂದೆ ನಾನಿದ್ದ ಒಂದು ಆಸ್ಪತ್ರೆ, ಅವಧಿ ಮುಗಿಯುವವರೆಗೆ ಕೆಲಸ ಬಿಡುವಂತಿಲ್ಲ ಎಂಬ ಬಾಂಡ್ ನೆಪದಲ್ಲಿ ನನ್ನ ಸರ್ಟಿಫಿಕೇಟ್ ಇಟ್ಟುಕೊಂಡು ಎಂ.ಎಸ್ಸಿ. ಪ್ರವೇಶದ ಒಂದು ವರ್ಷವನ್ನೇ ತಪ್ಪಿಸಿತು.

ಪಾಂಡವಪುರದ ಹುಡುಗಿ ಮೊನ್ನೆ ಫೋನ್ ಮಾಡಿದ್ದಳು. ಲೇಬರ್ ವಾರ್ಡಿಗೆ ಹಾಕಿ ಎಂದು ಅರ್ಜಿ ಕೊಟ್ಟಿದ್ದಾಳಂತೆ. ಹದಿನೈದು ರಾತ್ರಿ ಮೊಮ್ಮಗನನ್ನು ಪಕ್ಕದಲ್ಲಿ ಮಲಗಿಸಿಕೊಳ್ಳಲು ಅವಳ ಅತ್ತೆ ಒಪ್ಪಿದ್ದಾರಂತೆ.