ಬ್ರಿಟನ್ನಿನಲ್ಲಿ ಸ್ನಾತಕೋತ್ತರ ವ್ಯಾಸಂಗ: ಹೊರಡುವ ಮುನ್ನ ಹೊಂದಿಸಿಕೊಳ್ಳಬೇಕಾದ ಹೆಸರು, ಹಣ ಮತ್ತು ದಿನಾಂಕಗಳು

ಬ್ರಿಟನ್ನಿಗೆ ಓದಲು ಹೋಗುವ ಸಿದ್ಧತೆ ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಭಾಷಾ ಪರೀಕ್ಷೆಯಿಂದ ಆರಂಭವಾಗುತ್ತದೆ ಎಂದು ಬಹಳಷ್ಟು ಮಂದಿ ತಿಳಿದಿದ್ದಾರೆ. ಅದು ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ಹೆಸರಿನಿಂದ ಆರಂಭವಾಗಬೇಕು ಎಂಬುದು ನನ್ನ ಅಭಿಪ್ರಾಯ. ನಮ್ಮ ಕಡೆಯ ಅಂಕಪಟ್ಟಿಗಳಲ್ಲಿ ಹೆಸರಿನ ಹಿಂದೆಯೋ ಮುಂದೆಯೋ ‘ಬಿ. ಎಚ್.’ ಎಂಬಂತಹ ಇನಿಷಿಯಲ್ ಇರುತ್ತದೆ. ಪಾಸ್‌ಪೋರ್ಟಿನಲ್ಲಿ ಆ ‘ಬಿ’ ತಂದೆಯ ಪೂರ್ಣ ಹೆಸರಾಗಿಯೂ ‘ಎಚ್’ ಊರಿನ ಅಥವಾ ಮನೆತನದ ಹೆಸರಾಗಿಯೂ ಬಿಡಿಸಿಕೊಂಡಿರುತ್ತದೆ. ಪದವಿ ಪ್ರಮಾಣಪತ್ರದ ಹೊತ್ತಿಗೆ ಇಂಗ್ಲಿಷ್ ಕಾಗುಣಿತದಲ್ಲಿ ಒಂದಕ್ಷರ ಹೆಚ್ಚೋ ಕಡಿಮೆಯೋ ಆಗಿರುತ್ತದೆ. ಊರಿನಲ್ಲಿ ಯಾರೂ ಗಮನಿಸದ ಈ ವ್ಯತ್ಯಾಸ ವೀಸಾ ಅರ್ಜಿಯಲ್ಲಿ ಮೂವರು ಬೇರೆ ಬೇರೆ ವ್ಯಕ್ತಿಗಳಂತೆ ಕಾಣುತ್ತದೆ. ಆದ್ದರಿಂದ ಪಾಸ್‌ಪೋರ್ಟಿನ ಹೆಸರನ್ನೇ ಆಧಾರವಾಗಿಟ್ಟುಕೊಂಡು ಇಂಗ್ಲಿಷ್ ಪರೀಕ್ಷೆ, ವಿಶ್ವವಿದ್ಯಾಲಯದ ಅರ್ಜಿ, ಬ್ಯಾಂಕ್ ಖಾತೆ ಎಲ್ಲವನ್ನೂ ಅದರಂತೆಯೇ ಬರೆಯಿಸಿ. ಹಳೆಯ ಅಂಕಪಟ್ಟಿಗಳ ವ್ಯತ್ಯಾಸಕ್ಕೆ ನೋಟರಿಯಿಂದ ಪ್ರಮಾಣಿತ ಅಫಿಡವಿಟ್ ಒಂದನ್ನು ಮೊದಲೇ ಮಾಡಿಸಿಟ್ಟುಕೊಳ್ಳಿ. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿಯಿದ್ದರೆ, ನಿಮ್ಮ ಹೆಸರನ್ನು ತಮ್ಮ ದಾಖಲೆಯಲ್ಲಿ ಹೇಗೆ ನಮೂದಿಸುತ್ತಾರೆಂದು ವಿಶ್ವವಿದ್ಯಾಲಯವನ್ನು ಇಮೇಲ್ ಮೂಲಕ ಕೇಳಿ, ಮುಂದಿನ ಎಲ್ಲ ಅರ್ಜಿಗಳಲ್ಲೂ ಅದನ್ನೇ ಅನುಸರಿಸಿ.

ಇದರ ಜೊತೆಗೇ ಜನನ ಪ್ರಮಾಣಪತ್ರವನ್ನು ಹೊರತೆಗೆದು ನೋಡಿ. ಹಳೆಯ ಪ್ರಮಾಣಪತ್ರಗಳಲ್ಲಿ ತಂದೆತಾಯಿಯ ಹೆಸರಿದ್ದು ಮಗುವಿನ ಹೆಸರಿನ ಜಾಗ ಖಾಲಿ ಇರುವುದು ಸಾಮಾನ್ಯ, ಏಕೆಂದರೆ ನಾಮಕರಣಕ್ಕೆ ಮೊದಲೇ ಜನನ ನೋಂದಣಿ ಮುಗಿದಿರುತ್ತದೆ. ತಂದೆತಾಯಿಯ ಖಾತೆಯಲ್ಲಿರುವ ಹಣವನ್ನು ವೀಸಾಕ್ಕೆ ತೋರಿಸುವುದಾದರೆ ಸಂಬಂಧವನ್ನು ಸಾಬೀತುಪಡಿಸಲು ಈ ಪತ್ರವೇ ಬೇಕು. ಹೆಸರು ಸೇರಿಸುವ ಕೆಲಸ ನೋಂದಣಾಧಿಕಾರಿಯ ಕಚೇರಿಯಲ್ಲಿ ಆಗುತ್ತದೆ, ಆದರೆ ಒಂದೇ ದಿನದಲ್ಲಿ ಆಗಲಾರದು. ಪತ್ರ ಕನ್ನಡದಲ್ಲಿ ಮಾತ್ರ ಇದ್ದರೆ ಪ್ರಮಾಣೀಕೃತ ಇಂಗ್ಲಿಷ್ ಅನುವಾದವೂ ಬೇಕಾಗುತ್ತದೆ.

ಉಳಿದ ಸಿದ್ಧತೆಗೆ ತರಗತಿ ಆರಂಭವಾಗುವ ಸೆಪ್ಟೆಂಬರ್ ತಿಂಗಳಿನಿಂದ ಹಿಂದಕ್ಕೆ ಲೆಕ್ಕ ಹಾಕಬೇಕು. ಆಕ್ಸ್‌ಫರ್ಡ್, ಕೇಂಬ್ರಿಡ್ಜ್‌ನಂತಹ ಕಡೆ ಅನೇಕ ಕೋರ್ಸುಗಳ ಗಡುವು ಹಿಂದಿನ ಡಿಸೆಂಬರ್ ಅಥವಾ ಜನವರಿಯಲ್ಲೇ ಮುಗಿಯುತ್ತದೆ. ಬೇರೆ ಅನೇಕ ವಿಶ್ವವಿದ್ಯಾಲಯಗಳು ಸೀಟು ತುಂಬುವವರೆಗೆ ಅರ್ಜಿ ಸ್ವೀಕರಿಸುತ್ತವೆ. ಕೊನೆಯ ಸೆಮಿಸ್ಟರಿನಲ್ಲಿರುವವರಿಗೆ ಷರತ್ತುಬದ್ಧ ಪ್ರವೇಶಪತ್ರ ಸಿಗುತ್ತದೆ, ಅಂದರೆ ಇಷ್ಟು ಅಂಕದೊಡನೆ ಪದವಿ ಮುಗಿಸಿದ ದಾಖಲೆ ಕೊಟ್ಟರಷ್ಟೇ ಪ್ರವೇಶ ಖಾತ್ರಿ. ನಮ್ಮ ವಿದ್ಯಾರ್ಥಿಗಳು ಎಡವುವುದು ಇಲ್ಲಿಯೇ. ಫಲಿತಾಂಶ ಜುಲೈ ದಾಟಿ, ಅದರ ಮೇಲೆ ಪಿಡಿಸಿ (ತಾತ್ಕಾಲಿಕ ಪದವಿ ಪ್ರಮಾಣಪತ್ರ) ಮತ್ತು ಎಲ್ಲ ಸೆಮಿಸ್ಟರುಗಳ ಅಂಕಗಳ ಅಧಿಕೃತ ದಾಖಲೆಯಾದ ಟ್ರಾನ್ಸ್‌ಕ್ರಿಪ್ಟ್‌ಗೆ ಅರ್ಜಿ ಹಾಕಿ ಕಾಯುತ್ತ ಕುಳಿತರೆ ವೀಸಾಕ್ಕೆ ಸಮಯ ಉಳಿಯುವುದಿಲ್ಲ. ಹಿಂದಿನ ಸೆಮಿಸ್ಟರುಗಳ ಟ್ರಾನ್ಸ್‌ಕ್ರಿಪ್ಟನ್ನು ಮೊದಲೇ ಪಡೆದಿಟ್ಟುಕೊಳ್ಳುವುದು, ಫಲಿತಾಂಶ ತಡವಾಗುವ ಸೂಚನೆ ಕಂಡೊಡನೆ ಪ್ರವೇಶ ವಿಭಾಗಕ್ಕೆ ಬರೆದು ಕೊನೆಯ ದಿನಾಂಕವನ್ನು ಲಿಖಿತವಾಗಿ ಕೇಳುವುದು, ಅಗತ್ಯ ಬಿದ್ದರೆ ಪ್ರವೇಶವನ್ನು ಮುಂದಿನ ವರ್ಷಕ್ಕೆ ಮುಂದೂಡಲು ಅವಕಾಶವಿದೆಯೇ ಎಂದು ತಿಳಿದಿರುವುದು ಒಳ್ಳೆಯದು.

ಕೋರ್ಸಿನ ಆಯ್ಕೆಯ ವಿಷಯದಲ್ಲಿ ಒಂದು ಎಚ್ಚರಿಕೆ. ಬೆಂಗಳೂರು, ಮಂಗಳೂರು, ಹುಬ್ಬಳ್ಳಿಯ ಕನ್ಸಲ್ಟೆನ್ಸಿಗಳು ವಿದ್ಯಾರ್ಥಿಯಿಂದ ಶುಲ್ಕ ಪಡೆಯದೆಯೇ ಸೇವೆ ಕೊಡುತ್ತವೆಂದರೆ, ಆ ಹಣ ಸಾಮಾನ್ಯವಾಗಿ ವಿಶ್ವವಿದ್ಯಾಲಯ ಕೊಡುವ ಕಮಿಷನ್ನಿನಿಂದ ಬರುತ್ತದೆ. ಅದು ತಪ್ಪಲ್ಲ, ಆದರೆ ಅವರ ಪಟ್ಟಿಯಲ್ಲಿಲ್ಲದ ವಿಶ್ವವಿದ್ಯಾಲಯದ ಬಗ್ಗೆ ಅವರು ಏಕೆ ಮೌನವಾಗಿರುತ್ತಾರೆಂಬುದು ಅದರಿಂದ ಅರ್ಥವಾಗುತ್ತದೆ. ಬೋಧನಾಧಾರಿತ ಮಾಸ್ಟರ್ಸ್ ಸಾಮಾನ್ಯವಾಗಿ ಒಂದೇ ವರ್ಷದ್ದು, 180 ಕ್ರೆಡಿಟ್‌ಗಳದ್ದು. ಅದರಲ್ಲಿ ಬಹುಮಟ್ಟಿಗೆ 60 ಕ್ರೆಡಿಟ್ ಬೇಸಿಗೆಯ ಪ್ರಬಂಧಕ್ಕೆ ಮೀಸಲು. ಇಂತಹ ಕೋರ್ಸಿಗೆ ಬರುವವರು 2024ರ ಜನವರಿಯಿಂದ ಪತಿ, ಪತ್ನಿ ಅಥವಾ ಮಕ್ಕಳನ್ನು ಅವಲಂಬಿತರಾಗಿ ಕರೆತರುವಂತಿಲ್ಲ. ಸಂಶೋಧನಾ ಕೋರ್ಸುಗಳಿಗೆ ಮತ್ತು ಸರ್ಕಾರಿ ವಿದ್ಯಾರ್ಥಿವೇತನದಲ್ಲಿ ಓದುವವರಿಗೆ ಮಾತ್ರ ವಿನಾಯಿತಿಯಿದೆ. ಮದುವೆಯಾದವರು ಇದನ್ನು ಪ್ರವೇಶ ಶುಲ್ಕ ಕಟ್ಟುವ ಮೊದಲೇ ತಿಳಿದಿರಬೇಕು. ವಿದ್ಯಾಭ್ಯಾಸದ ನಂತರ ಉಳಿದು ದುಡಿಯಲು ಅವಕಾಶ ಕೊಡುವ ಗ್ರ್ಯಾಜುಯೇಟ್ ವೀಸಾದ ಅವಧಿಯೂ ಬದಲಾಗಿದೆ: 2027ರ ಜನವರಿ 1ರಿಂದ ಅರ್ಜಿ ಹಾಕುವ ಮಾಸ್ಟರ್ಸ್ ಪದವೀಧರರಿಗೆ ಎರಡು ವರ್ಷದ ಬದಲು 18 ತಿಂಗಳು ಮಾತ್ರ. ಆ ಅವಧಿಯ ದುಡಿಮೆಯನ್ನೇ ನಂಬಿ ಸಾಲ ಮಾಡುವವರು ಲೆಕ್ಕವನ್ನು ಮತ್ತೊಮ್ಮೆ ಹಾಕಬೇಕು.

ಈ ಕೋರ್ಸನ್ನೇ ಏಕೆ ಓದಬೇಕೆಂದಿದ್ದೀರಿ ಎಂದು ವಿವರಿಸುವ ಉದ್ದೇಶಪತ್ರದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ‘ಬಾಲ್ಯದಿಂದಲೂ ನನಗೆ ಕಂಪ್ಯೂಟರ್ ಎಂದರೆ ಆಸಕ್ತಿ’ ಎಂದು ಆರಂಭಿಸುವ ಬದಲು, ಕೊನೆಯ ವರ್ಷದ ಪ್ರಾಜೆಕ್ಟಿನಲ್ಲಿ ಎಲ್ಲಿ ಸಿಕ್ಕಿಹಾಕಿಕೊಂಡಿರಿ, ಆ ಕೋರ್ಸಿನ ಯಾವ ವಿಷಯ ಆ ತೊಡಕನ್ನು ಬಿಡಿಸಲು ನೆರವಾಗುತ್ತದೆ ಎಂದು ಬರೆದರೆ ಸಾಕು. ಶಿಫಾರಸು ಪತ್ರಗಳ ವಿಷಯ ಬೇರೆ. ‘ನೀನೇ ಬರೆದುಕೊಂಡು ಬಾರಪ್ಪ, ಸಹಿ ಹಾಕುತ್ತೇನೆ’ ಎನ್ನುವ ಮೇಷ್ಟ್ರುಗಳು ನಮ್ಮಲ್ಲಿ ಕಡಿಮೆಯೇನಿಲ್ಲ. ಆದರೆ ಅನೇಕ ವಿಶ್ವವಿದ್ಯಾಲಯಗಳು ಪ್ರಾಧ್ಯಾಪಕರ ಕಾಲೇಜು ಇಮೇಲ್‌ಗೇ ನೇರವಾಗಿ ಲಿಂಕ್ ಕಳುಹಿಸುತ್ತವೆ; ಆ ಇಮೇಲನ್ನು ಅವರು ತೆರೆದು ನೋಡುತ್ತಾರೆಯೇ ಎಂದು ಮೊದಲೇ ವಿಚಾರಿಸಿಕೊಳ್ಳಿ. ಪಿಯುಸಿ ಇಂಗ್ಲಿಷ್ ಅಂಕಗಳನ್ನೇ ಭಾಷಾ ಅರ್ಹತೆಯಾಗಿ ಒಪ್ಪುವ ವಿಶ್ವವಿದ್ಯಾಲಯಗಳೂ ಇವೆ. ಪರೀಕ್ಷೆಗೆ ಹಣ ಕಟ್ಟುವ ಮುನ್ನ ಅದನ್ನು ಪರಿಶೀಲಿಸಿ.

ಇನ್ನು ಹಣ. ಪ್ರವೇಶ ಖಾತ್ರಿಯಾಗಿ ಮುಂಗಡ ಕಟ್ಟಿದ ಮೇಲೆ ವಿಶ್ವವಿದ್ಯಾಲಯ ‘ಕ್ಯಾಸ್’ ಎಂಬ ದೃಢೀಕರಣ ಸಂಖ್ಯೆಯನ್ನು ಕೊಡುತ್ತದೆ. ಅದರಲ್ಲಿ ನಮೂದಾದ ಬಾಕಿ ಶುಲ್ಕ ಮತ್ತು ಗರಿಷ್ಠ 9 ತಿಂಗಳ ಜೀವನವೆಚ್ಚ ನಿಮ್ಮ ಬಳಿ ಇದೆಯೆಂದು ತೋರಿಸಬೇಕು. 2025ರ ನವೆಂಬರ್ 11ರಿಂದ ಈ ವೆಚ್ಚವನ್ನು ಲಂಡನ್ನಿನಲ್ಲಿ ತಿಂಗಳಿಗೆ 1,529 ಪೌಂಡ್, ಹೊರಗೆ 1,171 ಪೌಂಡ್ ಎಂದು ನಿಗದಿಪಡಿಸಲಾಗಿದೆ. ಉದಾಹರಣೆಗೆ ಲೀಡ್ಸ್‌ನಲ್ಲಿ 22,000 ಪೌಂಡ್ ಶುಲ್ಕದ ಕೋರ್ಸಿಗೆ 5,000 ಪೌಂಡ್ ಕಟ್ಟಿದ್ದರೆ, ಬಾಕಿ 17,000 ಮತ್ತು ಜೀವನವೆಚ್ಚ 10,539 ಸೇರಿ 27,539 ಪೌಂಡ್ ತೋರಿಸಬೇಕಾಗುತ್ತದೆ. ಈ ಮೊತ್ತ ಸತತ 28 ದಿನ ಖಾತೆಯಲ್ಲಿ ಇರಬೇಕು; ಆ 28ನೆಯ ದಿನ ಅರ್ಜಿಯ ದಿನಾಂಕಕ್ಕಿಂತ 31 ದಿನಕ್ಕಿಂತ ಹಿಂದಿನದಾಗಿರಬಾರದು. ಇಪ್ಪತ್ತೇಳನೆಯ ದಿನ ವಿಮೆಯ ಕಂತು ತಾನಾಗಿಯೇ ಕಡಿತವಾಗಿ ಒಂದೇ ದಿನ ಮೊತ್ತ ಕೆಳಗಿಳಿದರೂ ಎಣಿಕೆ ಮತ್ತೆ ಒಂದರಿಂದ. ರೂಪಾಯಿಯ ಬೆಲೆ ಇಳಿದಾಗಲೂ ಇದೇ ಕಥೆ. ಆದ್ದರಿಂದ ಲಕ್ಷ, ಎರಡು ಲಕ್ಷ ರೂಪಾಯಿ ಹೆಚ್ಚಿಗೇ ಇಟ್ಟುಕೊಂಡು, ಆ ಖಾತೆಯಿಂದ ಕಂತು, ಬಿಲ್ಲು, ಯುಪಿಐ ಎಲ್ಲವನ್ನೂ ಬೇರೆಡೆಗೆ ವರ್ಗಾಯಿಸಿ.

ಖಾತೆ ನಿಮ್ಮದೋ, ತಂದೆತಾಯಿಯದೋ, ಕಾನೂನುಬದ್ಧ ಪಾಲಕರದೋ ಆಗಿರಬೇಕು. ಸೋದರಮಾವ ಎಷ್ಟೇ ಪ್ರೀತಿಯಿಂದ ಹಣ ಕೊಡುವೆನೆಂದರೂ ಅವರ ಖಾತೆ ನಡೆಯುವುದಿಲ್ಲ. ಆ ಹಣ ನಿಮ್ಮ ಖಾತೆಗೆ ಬಂದು 28 ದಿನ ಕುಳಿತಿರಬೇಕು. ಷೇರು, ಭವಿಷ್ಯನಿಧಿ, ಬಂಗಾರ ಯಾವುದೂ ಲೆಕ್ಕಕ್ಕೆ ಬರುವುದಿಲ್ಲ. ತಂದೆತಾಯಿಯ ಹಣವಾದರೆ ಅವರ ಒಪ್ಪಿಗೆ ಪತ್ರವನ್ನೂ ಇಡಬೇಕು.

ಸಾಲ ಮಾಡುವವರಿಗೆ 28 ದಿನದ ಕಾಟವಿಲ್ಲ, ಮಂಜೂರಾತಿ ಪತ್ರ ಸಾಕು. ಆದರೆ ಆ ಪತ್ರ ಆರು ತಿಂಗಳೊಳಗಿನದಾಗಿರಬೇಕು, ಮತ್ತು ವೀಸಾ ಸಿಗುವುದನ್ನು ಬಿಟ್ಟು ಬೇರೆ ಷರತ್ತು ಅದರಲ್ಲಿರಬಾರದು. ‘ಆಸ್ತಿಯ ಪತ್ರಗಳ ಪರಿಶೀಲನೆಗೆ ಒಳಪಟ್ಟು’ ಎಂಬ ಒಂದು ಸಾಲು ಉಳಿದಿದ್ದರೆ ಅದನ್ನು ತೆಗೆಸಿ ಹೊಸ ಪತ್ರ ಕೇಳಿ. ಸಾಲಕ್ಕೆ ಆಸ್ತಿಯನ್ನು ಅಡಮಾನವಾಗಿ ಕೊಡುವುದಾದರೆ ಖಾತಾ, ಋಣಭಾರ ಪ್ರಮಾಣಪತ್ರ, ವಕೀಲರ ಅಭಿಪ್ರಾಯ, ಮೌಲ್ಯಮಾಪನ ಎಂದು ವಾರಗಟ್ಟಲೆ ಓಡಾಟವಿದೆ. ಕೃಷಿ ಜಮೀನನ್ನು ಬಹುತೇಕ ಬ್ಯಾಂಕುಗಳು ಈ ಸಾಲಕ್ಕೆ ಒಪ್ಪುವುದೇ ಇಲ್ಲ. ಹಳ್ಳಿಯ ಮನೆಗಳಲ್ಲಿ ಏಪ್ರಿಲ್ ಹೊತ್ತಿಗೆ ಆಘಾತವಾಗಿ ಬರುವ ಸುದ್ದಿ ಇದು.

ವಿದ್ಯಾರ್ಥಿವೇತನದ ದಾರಿ ಇನ್ನೂ ಮುಂಚಿತವಾಗಿ ತುಳಿಯಬೇಕಾದದ್ದು. ಬ್ರಿಟಿಷ್ ಸರ್ಕಾರದ ವಿದ್ಯಾರ್ಥಿವೇತನವಾದ ಚೀವ್‌ನಿಂಗ್ ಅರ್ಜಿ ಹಿಂದಿನ ವರ್ಷದ ಆಗಸ್ಟ್ ಸುಮಾರಿಗೆ ತೆರೆದು ಅಕ್ಟೋಬರಿನಲ್ಲಿ ಮುಚ್ಚುತ್ತದೆ, ಎರಡು ವರ್ಷದ, ಅಂದರೆ 2,800 ಗಂಟೆಗಳ, ಕೆಲಸದ ಅನುಭವವನ್ನೂ ಕೇಳುತ್ತದೆ. ಕಾಮನ್‌ವೆಲ್ತ್, ರೋಡ್ಸ್, ಗೇಟ್ಸ್ ಕೇಂಬ್ರಿಡ್ಜ್, ಫೆಲಿಕ್ಸ್ ಮುಂತಾದವು ಒಂದೊಂದೂ ತನ್ನದೇ ನಿಯಮದವು. ಪರಿಶಿಷ್ಟ ಜಾತಿ, ಪಂಗಡದವರಿಗೆ ರಾಜ್ಯ ಸರ್ಕಾರದ ಪ್ರಬುದ್ಧ ಯೋಜನೆ, ಇತರರಿಗೆ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮ ಮತ್ತು ದೇವರಾಜ ಅರಸು ನಿಗಮದ ವಿದೇಶ ವ್ಯಾಸಂಗ ಸಾಲ ಇವುಗಳನ್ನು ವಿಚಾರಿಸದೆ ಬ್ಯಾಂಕಿಗೆ ಹೋಗಬೇಡಿ. ಜಾತಿ ಮತ್ತು ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿಗೆ ಮೊದಲೇ ಅರ್ಜಿ ಹಾಕಿರಿ.

ವೀಸಾ ಅರ್ಜಿಯನ್ನು ಕೋರ್ಸ್ ಆರಂಭಕ್ಕೆ ಆರು ತಿಂಗಳು ಮುಂಚೆಯಿಂದ ಹಾಕಬಹುದು, ತೀರ್ಮಾನಕ್ಕೆ ಸಾಮಾನ್ಯವಾಗಿ ಮೂರು ವಾರ ಹಿಡಿಯುತ್ತದೆ. ಶುಲ್ಕ 2025ರ ಏಪ್ರಿಲಿನಲ್ಲಿ 524 ಪೌಂಡಿಗೆ ಏರಿತು. ವಸಂತ ಬಂದಾಗ ಶುಲ್ಕ ಏರಿಸುವುದು ಅಲ್ಲಿನ ಸರ್ಕಾರದ ವಾಡಿಕೆಯಾದ್ದರಿಂದ ಅರ್ಜಿಯ ದಿನ ಸರ್ಕಾರಿ ಜಾಲತಾಣ ನೋಡಿಯೇ ಹಣ ಹೊಂದಿಸಿ. ಇದಲ್ಲದೆ ಆರೋಗ್ಯ ಶುಲ್ಕ ವರ್ಷಕ್ಕೆ 776 ಪೌಂಡ್. ಒಂದು ವರ್ಷದ ಕೋರ್ಸಿಗೆ ವೀಸಾ ಹಿಂದೆ ಒಂದು, ಮುಂದೆ ನಾಲ್ಕು ತಿಂಗಳು ಹೆಚ್ಚು ಸಿಗುವುದರಿಂದ ಒಂದೂವರೆ ವರ್ಷದ ಲೆಕ್ಕದಲ್ಲಿ 1,164 ಪೌಂಡ್ ಕಟ್ಟಬೇಕಾಗುತ್ತದೆ, ಮತ್ತು ಅದು ಜೀವನವೆಚ್ಚದ ಮೊತ್ತದಲ್ಲಿ ಸೇರಿಲ್ಲ. ಕ್ಷಯರೋಗ ತಪಾಸಣೆಯನ್ನು ಅನುಮೋದಿತ ಕ್ಲಿನಿಕ್‌ನಲ್ಲೇ ಮಾಡಿಸಬೇಕು. ಆ ಪ್ರಮಾಣಪತ್ರಕ್ಕೆ ಆರು ತಿಂಗಳ ಆಯಸ್ಸು. ಎಂಜಿನಿಯರಿಂಗ್ ಮತ್ತು ವಿಜ್ಞಾನದ ಕೆಲವು ವಿಷಯಗಳಿಗೆ ‘ಅಟಾಸ್’ ಎಂಬ ಭದ್ರತಾ ಅನುಮತಿಯೂ ಬೇಕು. ಅದು ಉಚಿತ, ಆದರೆ ವಾರಗಟ್ಟಲೆ ಹಿಡಿಯುತ್ತದೆ, ಮತ್ತು ಅದಿಲ್ಲದೆ ವೀಸಾ ಅರ್ಜಿ ಹಾಕುವಂತಿಲ್ಲ. ನಿಮ್ಮ ಕೋರ್ಸಿಗೆ ಬೇಕೇ ಎಂಬುದು ಪ್ರವೇಶಪತ್ರದಲ್ಲಿ ಇರುತ್ತದೆ. ವೀಡಿಯೊ ಸಂದರ್ಶನಕ್ಕೆ ಕರೆ ಬಂದರೆ ಕೋರ್ಸಿನ ವಿಷಯಗಳು, ಶುಲ್ಕ, ಉಳಿಯುವ ಊರು ಇವುಗಳ ಬಗ್ಗೆ ನಿಮ್ಮದೇ ಮಾತಿನಲ್ಲಿ ಹೇಳಿದರೆ ಸಾಕು. ಏಜೆಂಟು ಬರೆದುಕೊಟ್ಟ ಉತ್ತರ ಒಪ್ಪಿಸಿದರೆ ಮೊದಲ ಮರುಪ್ರಶ್ನೆಯಲ್ಲೇ ಗೊತ್ತಾಗಿಬಿಡುತ್ತದೆ. ಈಗ ಪ್ಲಾಸ್ಟಿಕ್ ವಾಸಪತ್ರವಿಲ್ಲ, ಎಲ್ಲವೂ ಇ-ವೀಸಾ. ಅದರ ಖಾತೆಗೆ ಪ್ರಯಾಣಕ್ಕೆ ಬಳಸುವ ಪಾಸ್‌ಪೋರ್ಟ್ ಜೋಡಿಸಿ, ಹೆಸರು ಮತ್ತು ದಿನಾಂಕ ಸರಿಯಿದೆಯೇ ಎಂದು ವಿಮಾನ ಹತ್ತುವ ಮುನ್ನವೇ ನೋಡಿಕೊಳ್ಳಿ, ಏಕೆಂದರೆ ಬಾಡಿಗೆ ಮನೆಗೂ ಕೆಲಸಕ್ಕೂ ಅದರಿಂದಲೇ ಶೇರ್ ಕೋಡ್ (ನಿಮ್ಮ ವೀಸಾವನ್ನು ಬೇರೆಯವರು ಪರಿಶೀಲಿಸಲು ಬಳಸುವ ಸಂಕೇತ) ತೆಗೆದು ಕೊಡಬೇಕಾಗುತ್ತದೆ.

ದುಡಿಮೆಯ ಬಗ್ಗೆ ಎರಡು ತಪ್ಪು ಕಲ್ಪನೆಗಳಿವೆ. ತರಗತಿಯ ಅವಧಿಯಲ್ಲಿ ವಾರಕ್ಕೆ 20 ಗಂಟೆ ಎಂಬುದು ಎಲ್ಲರಿಗೂ ಗೊತ್ತು. ಆದರೆ ಮಾಸ್ಟರ್ಸ್ ವಿದ್ಯಾರ್ಥಿಗೆ ಪ್ರಬಂಧ ಬರೆಯುವ ಬೇಸಿಗೆಯೂ ಸಾಮಾನ್ಯವಾಗಿ ತರಗತಿಯ ಅವಧಿಯೇ, ರಜೆಯಲ್ಲ. ಎರಡನೆಯದು, ಸ್ವಂತ ಉದ್ಯೋಗಕ್ಕೆ ಅನುಮತಿಯಿಲ್ಲ; ಬೈಕಿನಲ್ಲಿ ಊಟ ತಲುಪಿಸುವ ಆ್ಯಪ್ ಕೆಲಸ ಸಾಮಾನ್ಯವಾಗಿ ಆ ಗುಂಪಿಗೇ ಸೇರುತ್ತದೆ. ಪರಿಚಿತರೊಬ್ಬರ ಖಾತೆಯಲ್ಲಿ ಮಾಡುವೆನೆಂದು ಹೊರಟವರು ವೀಸಾವನ್ನೇ ಪಣಕ್ಕಿಟ್ಟಂತೆ.

ಉಳಿಯಲು ಮೊದಲ ವರ್ಷ ವಿಶ್ವವಿದ್ಯಾಲಯದ ಹಾಸ್ಟೆಲೇ ಕ್ಷೇಮ. ಖಾಸಗಿ ಮನೆಗೆ ಅಲ್ಲಿನ ಜಾಮೀನುದಾರರನ್ನು ಕೇಳುತ್ತಾರೆ. ಮನೆಯನ್ನು ನೋಡದೆ, ವೀಡಿಯೊ ಕರೆಯಲ್ಲೂ ತೋರಿಸದೆ ಮುಂಗಡ ಕೇಳುವವರಿಗೆ ಹಣ ಕಳುಹಿಸಬೇಡಿ. ಇಂಗ್ಲೆಂಡಿನಲ್ಲಿ ಸಾಮಾನ್ಯ ಬಾಡಿಗೆಯ ಮನೆಗೆ ಐದು ವಾರದ ಬಾಡಿಗೆಗಿಂತ ಹೆಚ್ಚು ಠೇವಣಿ ಪಡೆಯುವಂತಿಲ್ಲ.

ಪೆಟ್ಟಿಗೆ ತುಂಬುವಾಗ ಧಾರವಾಡ ಪೇಡಾ, ಬೆಳಗಾವಿ ಕುಂದಾ, ತುಪ್ಪ ಮನೆಯಲ್ಲೇ ಉಳಿಯಲಿ, ಏಕೆಂದರೆ ಭಾರತದಿಂದ ಹಾಲಿನ ಪದಾರ್ಥ ಒಯ್ಯಲು ಅಲ್ಲಿ ಅನುಮತಿಯಿಲ್ಲ. ಹಸಿ ಕರಿಬೇವಿಗೂ ತಡೆಯಿದೆ. ಸಾರಿನ ಪುಡಿ, ಚಟ್ನಿಪುಡಿಗಳನ್ನು ಸೋರದಂತೆ ಕಟ್ಟಿಕೊಳ್ಳಬಹುದು. ಕುಕ್ಕರ್ ಒಯ್ಯುವುದಾದರೆ ಇಂಡಕ್ಷನ್‌ಗೂ ಹೊಂದುವ ತಳದ್ದಿರಲಿ, ಪ್ಲಗ್ಗಿಗೆ ಚೌಕ ಪಿನ್ನುಗಳ ಅಡಾಪ್ಟರ್ ಬೇಕು. ಅಲ್ಲಿಗೆ ತಲುಪಿದ ಮೊದಲ ವಾರದಲ್ಲೇ ಹತ್ತಿರದ ಜಿಪಿ (ಸಾಮಾನ್ಯ ವೈದ್ಯರ) ಕ್ಲಿನಿಕ್‌ನಲ್ಲಿ ಹೆಸರು ನೋಂದಾಯಿಸಿ. ಜ್ವರ ಬಂದ ಮೇಲೆ ಹೋಗಿ ಅರ್ಜಿ ತುಂಬುವುದು ಕಷ್ಟ. ಅಂಕಗಳ ವಿಷಯದಲ್ಲೂ ಮನಸ್ಸನ್ನು ಸಿದ್ಧಪಡಿಸಿಕೊಳ್ಳಿ: ಅಲ್ಲಿ 50 ಉತ್ತೀರ್ಣ, 70 ಡಿಸ್ಟಿಂಕ್ಷನ್, ಇಲ್ಲಿ 90 ಕಂಡವರಿಗೆ ಮೊದಲ ಪ್ರಬಂಧದ 62 ಸೋಲಿನಂತೆ ಕಾಣುತ್ತದೆ, ಅದು ಮೆರಿಟ್. ಆಕರ ಹೇಳದೆ ಮೂರು ಸಾಲು ಎತ್ತಿದರೂ ತಂತ್ರಾಂಶ ಹಿಡಿಯುತ್ತದೆ, ವಿಚಾರಣೆಯೂ ನಡೆಯುತ್ತದೆ.

ಕೊನೆಗೊಂದು ಅಡುಗೆಮನೆಯ ಮಾತು. ಹಾಸ್ಟೆಲಿನ ಅಡುಗೆಮನೆಯ ಹೊಗೆ ಸಂವೇದಕಕ್ಕೆ ನಮ್ಮ ಒಗ್ಗರಣೆಯ ಗುಣ ಗೊತ್ತಿಲ್ಲ. ಒಣಮೆಣಸಿನಕಾಯಿ ಎಣ್ಣೆಗೆ ಬೀಳುವ ಮುನ್ನ ಮೇಲಿನ ಫ್ಯಾನ್ ಹಾಕಿ, ಕಿಟಕಿ ತೆಗೆದು, ಕಾರಿಡಾರಿನ ಬಾಗಿಲು ಮುಚ್ಚಿಕೊಳ್ಳಿ. ಇಲ್ಲವಾದರೆ ಡಿಸೆಂಬರಿನ ರಾತ್ರಿ ಇಡೀ ಕಟ್ಟಡದ ಜನ ಚಳಿಯಲ್ಲಿ ಹೊರಗೆ ನಿಂತು ಅಗ್ನಿಶಾಮಕ ದಳಕ್ಕಾಗಿ ಕಾಯಬೇಕಾಗುತ್ತದೆ.